ಅಲುಗಾಡದೆ ಮಲಗಿತ್ತು, ಕಣ್ಣು ಮಾತ್ರ ಮುಚ್ಚಿರಲಿಲ್ಲ

ಸಾಕುಪ್ರಾಣಿ: ನಿಮ್ಮ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ದಸರಾ ಗೊಂಬೆಗಳನ್ನು ಇನ್ನೂ ಪೆಟ್ಟಿಗೆಗೆ ತುಂಬಿಲ್ಲ. ಆಗಲೇ ದೀಪಾವಳಿ ಪತ್ರಗಳು ಬಂದು ಮೇಜಿನ ಮೇಲೆ ಬಿದ್ದಿವೆ. ಪ್ರತಿ ವರ್ಷ ಇಷ್ಟೊತ್ತಿಗೆ ಉಣ್ಣೆ, ಜಂತುಹುಳು, ಕಜ್ಜಿ ಎಲ್ಲ ಹಿಂದೆ ಸರಿದು ಪಟಾಕಿಯೊಂದೇ ಪ್ರಶ್ನೆಯಾಗುತ್ತದೆ. ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ತರಹದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಚಿನ್ನಿಗೆ 5 ವರ್ಷ. ಹೋದ ದೀಪಾವಳಿಯಲ್ಲಿ ಮಂಚದ ಕೆಳಗೆ ಹೊಕ್ಕವಳು ಬೆಳಗಾಗುವವರೆಗೂ ಹೊರಗೆ ಬರಲಿಲ್ಲ. ಅಲ್ಲೇ ಉಚ್ಚೆ ಮಾಡಿಕೊಂಡಿದ್ದಳು. ಅದಕ್ಕೂ ಮುಂಚಿನ ವರ್ಷ ಹೀಗಿರಲಿಲ್ಲ. ಈಗಿನಿಂದಲೇ ಏನಾದರೂ ಮಾಡಬಹುದಾ?
— ಓದುಗರು, ದಾವಣಗೆರೆ

ಮಾಡಬಹುದು. ಮೂರು ವಾರ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಅಮಾವಾಸ್ಯೆ ದಿನ ಸಂಜೆ 7 ಗಂಟೆಗೆ ಫೋನ್ ಮಾಡುತ್ತಾರೆ. ಹಿಂದೆ ಢಂ ಢಂ ಅಂತ ಕೇಳುತ್ತಿರುತ್ತದೆ. ಆಗ ನನ್ನ ಕೈಯಲ್ಲೂ ಜಾಸ್ತಿ ಏನೂ ಇರುವುದಿಲ್ಲ.

ಮೊದಲು ಆ ಮಂಚದ ಕೆಳಗಿನ ಜಾಗದ ವಿಷಯ. ಅದು ಚಿನ್ನಿ ತಾನೇ ಆರಿಸಿಕೊಂಡ ಜಾಗ. ಅಲ್ಲಿಂದ ಎಳೆದು ತೆಗೆಯಬೇಡಿ. ಅದನ್ನೇ ಚೆಂದ ಮಾಡಿಕೊಡಿ. ನೀವು ಹೊದ್ದ ಹಳೆಯ ಬೆಡ್‌ಶೀಟ್ ಹಾಸಿ, ಒಗೆಯದೆ ಇದ್ದರೆ ಇನ್ನೂ ವಾಸಿ. ಮಂಚದ ಎರಡು ಬದಿಗೆ ದಪ್ಪ ಕಂಬಳಿ ಇಳಿಬಿಡಿ, ಒಂದು ಬದಿ ತೆರೆದಿರಲಿ. ಕಿಟಕಿ ಮುಚ್ಚಿ, ಪರದೆ ಎಳೆಯಿರಿ, ಆದರೆ ಫ್ಯಾನ್ ಹಾಕಿ. ಹೆದರಿದ ನಾಯಿ ಒಂದೇ ಸಮನೆ ಏದುಸಿರು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಮೈ ಬಿಸಿಯಾಗಿಬಿಡುತ್ತದೆ. ನೀರು ಹತ್ತಿರದಲ್ಲೇ ಇರಲಿ.

ಇವತ್ತಿನಿಂದ ದಿನಾ ಸಂಜೆ ಆ ಕೋಣೆಯಲ್ಲಿ ರೇಡಿಯೋನೋ ಹಾಡೋ ಹಾಕಿ, ಅವಳ ಊಟ ಅಲ್ಲೇ ಕೊಡಿ. ಹಬ್ಬದ ದಿನವೇ ಮೊದಲ ಸಲ ಕಿಟಕಿ ಮುಚ್ಚಿ, ಟಿವಿ ಜೋರು ಮಾಡಿ, ಬಾಗಿಲು ಹಾಕಿದರೆ ಅದೂ ಒಂದು ಭಯವೇ. ಏನೋ ನಡೆಯಲಿದೆ ಅಂತ ಅವಳಿಗೆ ಗೊತ್ತಾಗಿಬಿಡುತ್ತದೆ.

ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ. ನಾಯಿಗೆ 45,000ದವರೆಗೂ ಕೇಳಿಸುತ್ತದೆ. ರಾಕೆಟ್ ಮೇಲೇರುವಾಗಿನ ಸಿಳ್ಳೆ ನಮ್ಮ ಕಿವಿಗೆ ಮುಗಿದುಹೋದ ಮೇಲೂ ಅದಕ್ಕೆ ಉಳಿದಿರಬಹುದು. ಆದರೆ ನನ್ನ ಅನುಭವದಲ್ಲಿ ನಾಯಿಯನ್ನು ಕೆಡಿಸುವುದು ಸದ್ದಿನ ಜೋರಿಗಿಂತ ಅದರ ದಿಢೀರ್ ಗುಣ. ಗುಡುಗಿಗೆ ಮುಂಚೆ ಮೋಡ ಕವಿಯುತ್ತದೆ, ಗಾಳಿ ತಣ್ಣಗಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಆನೆ ಪಟಾಕಿಗೆ ಇದಾವುದೂ ಇಲ್ಲ.

ಆದ್ದರಿಂದ ಸದ್ದಿಗೆ ಒಂದು ಅರ್ಥ ಕೊಡೋಣ. ಬೇಯಿಸಿದ ಕೋಳಿಯ ಸಣ್ಣ ಚೂರುಗಳು, ಅಥವಾ ಪನೀರ್, ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಮೊದಲು ಢಂ, ಆಮೇಲೆ ಚೂರು. ಈ ಕ್ರಮ ತಪ್ಪಬಾರದು. ಚೂರು ಮೊದಲು ಕೊಟ್ಟರೆ ಅವಳು ಕೋಳಿ ಕಂಡರೂ ಹೆದರಲು ಕಲಿಯುತ್ತಾಳೆ! ದೂರದ ಸಣ್ಣ ಪಟಾಕಿಗೂ ಕೊಡಿ, ಲೆಕ್ಕ ನೋಡಬೇಡಿ. ಇದರಲ್ಲಿ ಇನ್ನೊಂದು ಉಪಯೋಗವಿದೆ. ಲ್ಯಾಬ್ರಡಾರ್ ಕೋಳಿಯನ್ನು ಬೇಡ ಅಂದಿತು ಅಂದರೆ ಭಯ ಮಿತಿ ಮೀರಿದೆ ಅಂತ ಅರ್ಥ. ಅಂಥ ನಾಯಿಗೆ ಔಷಧಿ ಬೇಕಾಗಬಹುದು. ಅದರ ಬಗ್ಗೆ ಮುಂದಿನ ಉತ್ತರ ನೋಡಿ.

ಹೊರಗೆ ಕರೆದೊಯ್ಯುವುದನ್ನು ಸಂಜೆ 5 ಗಂಟೆಯೊಳಗೆ ಮುಗಿಸಿ. ಕತ್ತಿನ ಪಟ್ಟಿಯ ಜೊತೆ ಎದೆಪಟ್ಟಿಯೂ ಇರಲಿ. ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ಕತ್ತಿನ ಪಟ್ಟಿಯಿಂದ ತಲೆ ಬಿಡಿಸಿಕೊಳ್ಳುತ್ತದೆ, ಕ್ಷಣ ಸಾಕು. ಪಟ್ಟಿಯ ಮೇಲೆ ನಿಮ್ಮ ಮೊಬೈಲ್ ನಂಬರ್ ಬರೆಸಿ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಸಮಯ ಗೊತ್ತು ಮಾಡಿತು. ನಮ್ಮ ಬೀದಿಯ ಹುಡುಗರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನಕ್ಕೆ ಮುಂಚೆಯೇ ಸರಪಟಾಕಿ ಶುರು. ಹಾಗಾಗಿ ಬೆಳಗಿನ ನಡಿಗೆಯನ್ನೂ ತಡ ಮಾಡಿ. ಹಸಿರು ಪಟಾಕಿ ಅಂದರೆ ಹೊಗೆ ಕಡಿಮೆ ಅಷ್ಟೇ, ಅದು ಸದ್ದಿಲ್ಲದ ಪಟಾಕಿ ಅಲ್ಲ.

ರೆಕಾರ್ಡ್ ಮಾಡಿದ ಪಟಾಕಿ ಸದ್ದನ್ನು ಕೇಳಿಸಿ ಅಭ್ಯಾಸ ಮಾಡಿಸುವ ವಿಧಾನವೂ ಇದೆ. ಅದಕ್ಕೆ ಮೂರು ವಾರ ಸಾಲದು, ಅವಸರ ಮಾಡಿದರೆ ಕೆಡುತ್ತದೆ. ತುಳಸಿ ಹಬ್ಬದ ಪಟಾಕಿಯೂ ಮುಗಿದ ಮೇಲೆ ಶುರು ಮಾಡಿ. ಕಿವಿ ನಿಮಿರಿದರೂ ತಿನ್ನುವುದು ನಿಲ್ಲಬಾರದು, ಅಷ್ಟು ಮೆಲ್ಲಗೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಂದಿನ ಗಣೇಶನ ಹೊತ್ತಿಗೆ ಫಲ ಕಾಣಬಹುದು.

ಕೊನೆಯದಾಗಿ, "ಅದಕ್ಕೂ ಮುಂಚಿನ ವರ್ಷ ಹೀಗಿರಲಿಲ್ಲ" ಅಂತ ಬರೆದಿದ್ದೀರಿ. ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಹೊಸದಾಗಿ ಸದ್ದಿಗೆ ಹೆದರುವ ನಾಯಿಗೆ ಎಲ್ಲೋ ನೋವಿರಬಹುದು. ದಿಢೀರ್ ಸದ್ದಿಗೆ ಮೈ ಬಿಗಿಯಾಗುತ್ತದೆ, ನೋವಿರುವ ಕೀಲು ಚುಳ್ ಅನ್ನುತ್ತದೆ, ಆ ನೋವು ಸದ್ದಿನ ಜೊತೆ ಅಂಟಿಕೊಳ್ಳುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ಹಬ್ಬಕ್ಕೆ ಮುಂಚೆ ಸೊಂಟ, ಕಿವಿ ಎರಡನ್ನೂ ಒಮ್ಮೆ ತೋರಿಸಿ.

ಪ್ರಶ್ನೆ: ನಮ್ಮ ಪಗ್‌ಗೆ ಹಿಂದೊಮ್ಮೆ ದೂರ ಪ್ರಯಾಣಕ್ಕೆ ಅಂತ ಕೊಟ್ಟಿದ್ದ ಏಸಿಪ್ರೊಮಜೀನ್ ಮಾತ್ರೆ ಉಳಿದಿದೆ. ದೀಪಾವಳಿಗೆ ಅದನ್ನೇ ಕೊಡಬಹುದಾ? ಪಕ್ಕದ ಮನೆಯವರು ಅರ್ಧ ಚಮಚ ಬ್ರಾಂದಿ ಸಾಕು ಅನ್ನುತ್ತಾರೆ.
— ಓದುಗರು, ಬೆಂಗಳೂರು

ಬ್ರಾಂದಿ ನಾಯಿಗೆ ವಿಷ. ಪಕ್ಕದ ಮನೆಯವರು ಅದನ್ನು ತಾವೇ ಇಟ್ಟುಕೊಳ್ಳಲಿ.

ಮಾತ್ರೆಯ ವಿಷಯಕ್ಕೆ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. 90ರ ದಶಕದಲ್ಲಿ ಮಲೆನಾಡಿನ ಒಂದು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ನಾನು ಹೊಸ ಡಾಕ್ಟರು. ದೀಪಾವಳಿ ಬಂತೆಂದರೆ ಕೈಗೆ ಬರುತ್ತಿದ್ದದ್ದು ಇದೇ ಮಾತ್ರೆ. ಕೇಳಿದವರಿಗೆಲ್ಲ ಬರೆದುಕೊಟ್ಟೆ. ಒಬ್ಬ ಮೇಷ್ಟ್ರು ತಮ್ಮ ನಾಯಿಗೆ ಒಯ್ದರು. ಹಬ್ಬ ಮುಗಿದ ಮೇಲೆ ಸಿಕ್ಕಾಗ, "ಹೇಗಿತ್ತು ಮೇಷ್ಟ್ರೇ, ಗಲಾಟೆ ಮಾಡ್ಲಿಲ್ಲ ತಾನೇ?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಲುಗಾಡದೆ ಮಲಗಿತ್ತು ಡಾಕ್ಟ್ರೇ. ಆದ್ರೆ ಒಂದೊಂದು ಢಂ ಅಂದಾಗ್ಲೂ ಕಣ್ಣು ಇಷ್ಟಗಲ ಆಗ್ತಿತ್ತು. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ."

ನಾನು ಔಷಧಿಯ ಗುಣ ಹಾಗೇ ಅಂದುಬಿಟ್ಟೆ. ನಿಜಕ್ಕೂ ಅದೇ ಅದರ ಗುಣ. ಅದು ಕಾಲು ಕಟ್ಟುತ್ತದೆ, ಭಯವನ್ನು ಮುಟ್ಟುವುದಿಲ್ಲ. ಓಡಬೇಕು ಅನ್ನಿಸುತ್ತದೆ, ಮೈ ಏಳುವುದಿಲ್ಲ. ಮನೆಯವರಿಗೆ ನೆಮ್ಮದಿ, ನಾಯಿಗೆ ಹೋದ ವರ್ಷಕ್ಕಿಂತ ಕೆಟ್ಟ ರಾತ್ರಿ. ಮಾರನೆಯ ವರ್ಷ ಮೇಷ್ಟ್ರ ನಾಯಿ ಬಿಜಿಲಿ ಪಟಾಕಿಗೇ ಬೇಲಿ ಹಾರಿ ಓಡಿತು. ಎರಡು ದಿನದ ಮೇಲೆ ಅಡಿಕೆ ತೋಟದಲ್ಲಿ ಸಿಕ್ಕಿತು. ಅದಕ್ಕೆ ನನ್ನ ಮಾತ್ರೆಯೇ ಕಾರಣ ಅಂತ ಖಚಿತವಾಗಿ ಹೇಳಲಾರೆ. ಆದರೆ ಆ ಕಣ್ಣಿನ ಮಾತು ಮರೆತಿಲ್ಲ.

ಮೇಲಾಗಿ ನಿಮ್ಮದು ಪಗ್. ಚಪ್ಪಟೆ ಮೂಗಿನ ನಾಯಿಗೆ ಮೊದಲೇ ಉಸಿರಾಟ ಕಷ್ಟ. ಈ ಮಾತ್ರೆ ರಕ್ತದ ಒತ್ತಡವನ್ನೂ ಇಳಿಸುತ್ತದೆ. ಬೇಡವೇ ಬೇಡ.

ಈಗ ಭಯವನ್ನೇ ಇಳಿಸುವ ಔಷಧಿಗಳಿವೆ. ಗಾಬಾಪೆಂಟಿನ್, ಟ್ರಾಜೊಡೋನ್, ಕೆಲವು ನಾಯಿಗಳಿಗೆ ಆಲ್‌ಪ್ರಜೋಲಾಮ್. ಪ್ರಮಾಣ ನಾನಿಲ್ಲಿ ಬರೆಯುವುದಿಲ್ಲ, ಕೋಪ ಮಾಡಿಕೊಳ್ಳಬೇಡಿ. ತೂಕ ನೋಡಬೇಕು, ಎದೆ ಪರೀಕ್ಷೆ ಮಾಡಬೇಕು, ಬೇರೆ ಮಾತ್ರೆ ನಡೆಯುತ್ತಿದೆಯಾ ಕೇಳಬೇಕು. ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ. ಯಾವುದೇ ಮಾತ್ರೆಯಾದರೂ ಹಬ್ಬಕ್ಕೆ ಮುಂಚೆ, ಪಟಾಕಿ ಇಲ್ಲದ ಒಂದು ಭಾನುವಾರ, ಮನೆಯಲ್ಲಿ ನೀವಿದ್ದಾಗ ಕೊಟ್ಟು ನೋಡಿ. ಕೆಲವು ನಾಯಿ ಓಲಾಡುತ್ತವೆ. ಆಲ್‌ಪ್ರಜೋಲಾಮ್‌ಗೆ ಅಪರೂಪಕ್ಕೆ ಒಂದೊಂದು ಶಾಂತವಾಗುವ ಬದಲು ಕೆರಳುತ್ತದೆ. ಅದು ಲಕ್ಷ್ಮೀಪೂಜೆ ರಾತ್ರಿ ಗೊತ್ತಾಗಬಾರದು. ಹಬ್ಬದ ದಿನ ಸದ್ದು ಶುರುವಾಗುವ ಒಂದೂವರೆ, ಎರಡು ಗಂಟೆ ಮೊದಲೇ ಹೊಟ್ಟೆಗೆ ಹೋಗಿರಬೇಕು. ನಡುಗಲು ಶುರುವಾದ ಮೇಲೆ ಕೊಟ್ಟರೆ ಅಷ್ಟು ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರ. ಮನುಷ್ಯರಿಗೆ ಮಾಡಿದ ಗಾಬಾಪೆಂಟಿನ್ ಸಿರಪ್ಪನ್ನು ಮೆಡಿಕಲ್ ಶಾಪಿನಿಂದ ತಂದು ಹಾಕಬೇಡಿ. ಕೆಲವದರಲ್ಲಿ ಸಿಹಿಗೆ ಕ್ಸೈಲಿಟಾಲ್ ಸೇರಿಸಿರುತ್ತಾರೆ. ನಾಯಿಗೆ ಅದು ವಿಷ.

ಪ್ರಶ್ನೆ: ಪಟಾಕಿಗೆ ನಡುಗುವ ನಾಯಿಯನ್ನು ಮುದ್ದು ಮಾಡಿದರೆ ಅಂಜುಬುರುಕುತನ ಜಾಸ್ತಿಯಾಗುತ್ತೆ ಅಂತ ನಮ್ಮ ಅತ್ತೆ. ನನಗೆ ನೋಡಿಕೊಂಡು ಸುಮ್ನೆ ಇರೋಕೆ ಆಗಲ್ಲ. ಯಾರು ಸರಿ?
— ಓದುಗರು, ಮೈಸೂರು

ನೀವು. ಅತ್ತೆಯವರಿಗೆ ಈ ಪುಟ ತೋರಿಸುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೈ ಕುಲುಕಿದ್ದಕ್ಕೆ ಬಿಸ್ಕತ್ತು ಕೊಟ್ಟರೆ ನಾಯಿ ಮತ್ತೆ ಕೈ ಕುಲುಕುತ್ತದೆ. ಭಯ ಹಾಗಲ್ಲ, ಅದು ಬೇಕೆಂದು ಮಾಡುವ ಕೆಲಸವಲ್ಲ. ಕತ್ತಲಲ್ಲಿ ಅಳುವ ಮಗುವನ್ನು ಎತ್ತಿಕೊಂಡರೆ ಮಗು ಕತ್ತಲಿಗೆ ಇನ್ನೂ ಹೆದರುತ್ತದಾ? ಹತ್ತಿರ ಬಂದರೆ ಬರಲಿ. ಪಕ್ಕದಲ್ಲಿ ಕೂತು ಪೇಪರ್ ಓದಿ, ಒಂದು ಕೈ ಅದರ ಬೆನ್ನ ಮೇಲಿರಲಿ. ಬರದೆ ಮೂಲೆಯಲ್ಲೇ ಕೂತರೆ ಎತ್ತಿ ಮಡಿಲಿಗೆ ಹಾಕಿಕೊಳ್ಳಬೇಡಿ.

ಅತ್ತೆಯವರ ಮಾತಿನಲ್ಲಿ ಒಂದು ಎಳೆ ನಿಜವಿದೆ. ಪ್ರತಿ ಸದ್ದಿಗೂ ನೀವೇ ಬೆಚ್ಚಿ "ಅಯ್ಯೋ ಕಂದಾ" ಅಂತ ಓಡಿದರೆ ನಾಯಿ ನಿಮ್ಮ ಗಾಬರಿಯನ್ನು ಓದುತ್ತದೆ. ನಿಜವಾದ ಹಾನಿ ಮಾಡುವುದು ಮಾತ್ರ ಮನೆಯ ಗಂಡಸರು. "ಅಭ್ಯಾಸ ಆಗಲಿ" ಅಂತ ಸರಪಳಿ ಹಿಡಿದು ಟೆರೇಸಿಗೆ ಕರೆದೊಯ್ಯುತ್ತಾರೆ. ಅಭ್ಯಾಸವಾಗುವುದಿಲ್ಲ, ಟೆರೇಸಿಗೂ ಹೆದರಲು ಶುರು ಮಾಡುತ್ತದೆ.

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ 4 ಹಸು. ದೀಪಾವಳಿ ಮುಗಿಯುವವರೆಗೆ ಹಾಲು ಇಳಿದುಬಿಡುತ್ತದೆ. ಕೆಚ್ಚಲು ತುಂಬಿದ್ದರೂ ಸೊರೆ ಬಿಡುವುದಿಲ್ಲ. ದೃಷ್ಟಿಯಾಗಿದೆ ಅನ್ನುತ್ತಾರೆ. ಹೌದಾ?
— ಓದುಗರು, ಸಾಗರ ತಾಲ್ಲೂಕು

ನಾಯಿ ಬೆಕ್ಕಿನ ನಡುವೆ ಒಂದು ಹಸುವಿನ ಪತ್ರ ಬಂದದ್ದು ನೋಡಿ ಖುಷಿಯಾಯಿತು. ನನ್ನ ಸರ್ವಿಸಿನ ಅರ್ಧ ಕೊಟ್ಟಿಗೆಗಳಲ್ಲೇ ಕಳೆದಿದೆ.

ದೃಷ್ಟಿಯಲ್ಲ. ಕರು ಬಾಯಿ ಹಾಕಿದಾಗ, ಕೆಚ್ಚಲು ತೊಳೆದಾಗ, ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಹರಿದು ಹಾಲು ಮೊಲೆಗೆ ಇಳಿಯುತ್ತದೆ. ಅದೇ ಸೊರೆ ಬಿಡುವುದು. ಹಸು ಬೆದರಿದರೆ ಅಡ್ರಿನಲಿನ್ ಬಂದು ಅದಕ್ಕೆ ಅಡ್ಡ ನಿಲ್ಲುತ್ತದೆ. ಹಾಲು ಇದೆ, ಇಳಿಯುವುದಿಲ್ಲ. ಹಾಗೇ ಉಳಿದರೆ ಕೆಚ್ಚಲು ಬಾವು ಬರಬಹುದು. ಆ ದಿನಗಳಲ್ಲಿ ಸಂಜೆ ಹಾಲನ್ನು ಪಟಾಕಿ ಶುರುವಾಗುವ ಮುಂಚೆ ಕರೆದುಬಿಡಿ. ದಿನಾ ಕರೆಯುವ ಕೈಯೇ ಕರೆಯಲಿ. ಹಬ್ಬಕ್ಕೆ ಬಂದ ನೆಂಟರು ಆಸೆಪಟ್ಟು ಕೂರುವುದು ಬೇಡ. ತುಂಬು ಗಬ್ಬದ ಹಸುವನ್ನು ರಸ್ತೆಯಿಂದ ದೂರದ ಮೂಲೆಯಲ್ಲಿ ಕಟ್ಟಿ. ಹಗ್ಗ ಗಿಡ್ಡ ಮಾಡಬೇಡಿ, ಬೆದರಿ ಬಿದ್ದರೆ ಕುತ್ತಿಗೆಗೆ ಬಿಗಿಯುತ್ತದೆ. ಹುಲ್ಲಿನ ಬಣವೆಯ ಕಡೆಗೆ ರಾಕೆಟ್ ಮುಖ ಮಾಡದ ಹಾಗೆ ಮಕ್ಕಳಿಗೆ ಹೇಳಿಡಿ.

ಪಟಾಕಿ ಬಿಟ್ಟು ಒಂದು ಮಾತು. ಬಲಿಪಾಡ್ಯಮಿಯ ಮರುದಿನ ನನಗೆ ಬರುತ್ತಿದ್ದ ಕರೆಗಳಲ್ಲಿ ಸದ್ದಿನದಕ್ಕಿಂತ ಹೊಟ್ಟೆಯದೇ ಜಾಸ್ತಿ. ಗೋಪೂಜೆ ದಿನ ಕೆಮ್ಮಣ್ಣು ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಅನ್ನ, ಕಡುಬು, ಹೋಳಿಗೆ ಬಾಯಿಗಿಡುತ್ತಾರೆ. ಒಬ್ಬೊಬ್ಬರದು ಒಂದು ತುತ್ತು, ಹಸುವಿಗೆ ಅದು ಬುಟ್ಟಿಗಟ್ಟಲೆ. ಹೊಟ್ಟೆಯೊಳಗೆ ಹುಳಿಯಾಗಿ ಮೇವು ಬಿಡುತ್ತದೆ, ಮಲಗಿಬಿಡುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಎಲ್ಲರ ಪರವಾಗಿ ಒಂದೇ ಎಲೆ ಇಡಿ. ಮಾಲೆಯನ್ನು ಪೂಜೆಯಾದ ಕೂಡಲೇ ತೆಗೆಯಿರಿ, ಪ್ಲಾಸ್ಟಿಕ್ ದಾರ ಹೊಟ್ಟೆ ಸೇರುವುದು ಬೇಡ. ಮೇವು ಬಿಟ್ಟರೆ ಕಾಯಬೇಡಿ, 1962ಕ್ಕೆ ಫೋನ್ ಮಾಡಿ. ಪಶು ಸಂಜೀವಿನಿ ಗಾಡಿ ಮನೆಗೇ ಬರುತ್ತದೆ.

ಅಂದಹಾಗೆ, ಅಂಟಿಕೆ ಪಂಟಿಕೆಯವರು ನಡುರಾತ್ರಿ ದೀಪ ಹಿಡಿದು ಹಾಡುತ್ತಾ ಅಂಗಳಕ್ಕೆ ಬಂದಾಗ ಹಸು ಬೆದರಿದ್ದು ನಾನು ಒಮ್ಮೆಯೂ ಕಂಡಿಲ್ಲ.

ಪ್ರಶ್ನೆ: ನಮ್ಮ ಬೆಕ್ಕು ಹಬ್ಬದ ಮೂರು ದಿನವೂ ಅಟ್ಟದಿಂದ ಇಳಿಯುವುದಿಲ್ಲ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಏನೂ ಮಾಡಬೇಡಿ. ನೀರು ಮತ್ತು ಮಣ್ಣಿನ ತಟ್ಟೆಯನ್ನು ಅಟ್ಟಕ್ಕೇ ಏರಿಸಿ. ಊಟವನ್ನೂ ಅಲ್ಲೇ ಇಡಿ, ತಿನ್ನುತ್ತಿದೆಯಾ ಮಾತ್ರ ನೋಡಿ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ತಿಳಿಸಿ. ಬೆಕ್ಕಿಗೆ ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು. ಅಡುಗೆಮನೆ ಕಿಟಕಿ, ಬಚ್ಚಲ ಜಾಲರಿ ಭದ್ರವಾಗಿದೆಯಾ ಹಗಲಲ್ಲೇ ನೋಡಿಕೊಳ್ಳಿ. ಹೊರಗೆ ಹೋಗಿ ತಪ್ಪಿಸಿಕೊಂಡರೆ ಮೊದಲು ಮನೆಯ ಸುತ್ತಮುತ್ತಲ ಕಾರಿನ ಕೆಳಗೆ, ಗುಜರಿ ಸಾಮಾನಿನ ಸಂದಿಯಲ್ಲಿ ಹುಡುಕಿ. ಬೆದರಿದ ನಾಯಿ ಓಡುತ್ತದೆ, ಬೆದರಿದ ಬೆಕ್ಕು ಅಡಗುತ್ತದೆ.

ಪ್ರಶ್ನೆ: ಬಾಲ್ಕನಿಯಲ್ಲಿ ಲವ್‌ಬರ್ಡ್ಸ್ ಮತ್ತು ಒಂದು ಮೊಲ ಇವೆ. ಬಟ್ಟೆ ಮುಚ್ಚಿದರೆ ಸಾಕಾ?
— ಓದುಗರು, ಮಂಗಳೂರು

ಸಾಲದು, ಒಳಗೆ ತನ್ನಿ. ಪಂಜರದ ಮೂರು ಬದಿ ಬಟ್ಟೆ ಮುಚ್ಚಿ, ಕೋಣೆಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಗಾಢ ಕತ್ತಲಲ್ಲಿ ಬೆದರಿದ ಹಕ್ಕಿ ಸರಳಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತದೆ. ಹೊಗೆ ಒಳಗೆ ಬರದಿರಲಿ, ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಮೊಲಕ್ಕೆ ಅಡಗಲು ಒಂದು ರಟ್ಟಿನ ಪೆಟ್ಟಿಗೆ, ತುಂಬಾ ಒಣಹುಲ್ಲು. ಮೊಲ ತಿನ್ನುವುದು ನಿಲ್ಲಿಸಿದರೆ ಅದರ ಕರುಳು ನಿಂತುಹೋಗುತ್ತದೆ. ಅರ್ಧ ದಿನ ತಿನ್ನದಿದ್ದರೂ ಅದು ತುರ್ತು ಅಂತಲೇ ತಿಳಿಯಿರಿ.

ಪ್ರಶ್ನೆ: ನಾನು 9ನೇ ಕ್ಲಾಸ್. ನಮ್ಮ ರಸ್ತೆಯಲ್ಲಿ ದೊಡ್ಡ ಹುಡುಗರು ಬೀದಿನಾಯಿಯ ಬಾಲಕ್ಕೆ ಸರಪಟಾಕಿ ಕಟ್ಟುತ್ತಾರೆ. ಬೇಡ ಅಂದರೆ ನಗುತ್ತಾರೆ. ನಾನೇನು ಮಾಡಲಿ?
— ವಿದ್ಯಾರ್ಥಿನಿ, ತುಮಕೂರು

ಮಗಳೇ, ಒಬ್ಬಳೇ ಅವರೆದುರು ನಿಲ್ಲಬೇಡ. ಅಪ್ಪ ಅಮ್ಮನನ್ನೋ ಪಕ್ಕದ ಮನೆಯ ದೊಡ್ಡವರನ್ನೋ ಕರೆ. ಅವರು ದೂರದಿಂದ ಮೊಬೈಲಲ್ಲಿ ವಿಡಿಯೊ ಮಾಡಿಕೊಂಡು 112ಕ್ಕೆ ಫೋನ್ ಮಾಡಲಿ. ಇದು ತಮಾಷೆಯಲ್ಲ, ಅಪರಾಧ. ಪ್ರಾಣಿಹಿಂಸೆ ತಡೆಯುವ 1960ರ ಕಾನೂನಿನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಪ್ಯಾಕ್ ಸುರುಸುರು ಬತ್ತಿಯೂ ಆ ದುಡ್ಡಿಗೆ ಬರಲಾರದು. ಆದರೆ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, 5 ವರ್ಷದವರೆಗೆ ಜೈಲು. ಹಬ್ಬಕ್ಕೆ ಮುಂಚೆಯೇ ಆ ಹುಡುಗರ ಮನೆಯವರ ಕಿವಿಗೆ ಈ ಸಂಖ್ಯೆ ಬೀಳುವ ಹಾಗೆ ದೊಡ್ಡವರು ಮಾಡಲಿ.

ನಾಯಿಗೆ ಸುಟ್ಟರೆ ತಣ್ಣೀರು, ಹತ್ತು ಹದಿನೈದು ನಿಮಿಷ. ಐಸ್ ಬೇಡ, ಪೇಸ್ಟ್ ಬೇಡ, ಅರಿಶಿನ ಎಣ್ಣೆ ಬೇಡ. ಅದನ್ನೂ ನೀನು ಮಾಡಬೇಡ, ನೋವಿರುವ ನಾಯಿ ತನ್ನವರನ್ನೇ ಕಚ್ಚುತ್ತದೆ. ಯಾರಿಗಾದರೂ ಕಚ್ಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಇಂಜೆಕ್ಷನ್ ಹಾಕಿಸಬೇಕು. ನಿನ್ನಿಂದ ಆಗುವ ಕೆಲಸ ಒಂದಿದೆ. ಆ ಮೂರು ರಾತ್ರಿ ನಿಮ್ಮ ಗೇಟು ಅರ್ಧ ತೆರೆದಿಟ್ಟು, ಮೆಟ್ಟಿಲ ಕೆಳಗೆ ಒಂದು ಗೋಣಿಚೀಲ ಹಾಸಿ, ನೀರಿಡು. ನಾಯಿಗಳಿಗೆ ಯಾರ ಮನೆ ಅಂತ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ. ನಿಮ್ಮ ಮನೆಯಲ್ಲಿ ಪಟಾಕಿ ಹೊಡೆಯುವುದಿಲ್ಲವಾ ಡಾಕ್ಟ್ರೇ?
— ಓದುಗರು, ಶಿವಮೊಗ್ಗ

ಹೊಡೆಯುತ್ತೇವೆ. ಮೊಮ್ಮಕ್ಕಳಿಗೆ ಎರಡು ಪ್ಯಾಕ್ ಸುರುಸುರು ಬತ್ತಿ, ಒಂದು ಪ್ಯಾಕ್ ಹೂಕುಂಡ, ಎರಡು ಭೂಚಕ್ರ. ಢಂ ಅನ್ನುವುದು ಯಾವುದೂ ಇಲ್ಲ. ಉರಿದ ಕಡ್ಡಿ ನೇರ ನೀರಿನ ಬಕೆಟ್ಟಿಗೆ, ಕಾದ ತಂತಿ ಮೆಟ್ಟಿ ಪಾದ ಸುಟ್ಟುಕೊಂಡ ನಾಯಿಗಳನ್ನು ಎಷ್ಟೋ ನೋಡಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ಗೇಟಿನ ಮುಂದೆ ಗುಡಿಸುವ ಕೆಲಸ ಅಳಿಯನದು. ಸಿಡಿಯದ ಪಟಾಕಿಯ ಮದ್ದು ನೆಕ್ಕಿ ವಾಂತಿ ಮಾಡುವ ನಾಯಿಗಳೂ ಇವೆ.

ನನ್ನ ಹಬ್ಬ ಬಚ್ಚಲುಮನೆಯಲ್ಲಿ. ನಮ್ಮ ಗುಂಡ 11 ವರ್ಷದ ಬೀದಿ ತಳಿ, ಅವನು ಆರಿಸಿಕೊಂಡ ಜಾಗ ಅದು. ಕಿಟಕಿ ಚಿಕ್ಕದು, ಗೋಡೆ ದಪ್ಪ. ಬಕೆಟ್ ಬೋರಲು ಹಾಕಿಕೊಂಡು ನಾನು ಕೂರುತ್ತೇನೆ. ಪಕ್ಕದಲ್ಲಿ ಕೋಳಿ ಚೂರಿನ ಡಬ್ಬಿ, ಮೊಬೈಲಲ್ಲಿ ಯಕ್ಷಗಾನ. ಚಂಡೆಯ ಸದ್ದು ಒಂದು ಲಯದಲ್ಲಿ ಬರುವುದರಿಂದಲೋ ಏನೋ, ಪಟಾಕಿ ಅದರೊಳಗೆ ಕರಗಿಹೋಗುತ್ತದೆ. ಎಲ್ಲ ನಾಯಿಗೂ ಹಿಡಿಸುತ್ತದೆ ಅಂತ ಹೇಳಲಾರೆ. ಮಗಳು ಬಾಗಿಲ ಸಂದಿಯಿಂದ ಹೋಳಿಗೆ ದಾಟಿಸುತ್ತಾಳೆ, ಅದು ನನಗೆ. ಹೋದ ವರ್ಷ ರಾತ್ರಿ ಹತ್ತೂವರೆಗೆ ಅವಳು ಬಾಗಿಲು ತಟ್ಟಿ "ಮುಗೀತಮ್ಮ, ಹೊರಗೆ ಬಾ" ಅಂದಳು. ಗುಂಡನ ತಲೆ ನನ್ನ ಪಾದದ ಮೇಲಿತ್ತು. ಬಗ್ಗಿ ನೋಡಿದೆ. ಕಣ್ಣು ಮುಚ್ಚಿತ್ತು. ಇನ್ನೊಂದು ಪದ ಮುಗಿಯಲಿ ಅಂತ ಅಲ್ಲೇ ಕೂತೆ.